ಗೋಲು ಹೊಡೆಯದವಳು

ಜಾನ್ಸ್ ಕ್ರೀಕ್
4 ಮಾರ್ಚ್ 2023

ಚಿ. ನಮ್ರತಾಳಿಗೆ ಅಪ್ಪನ ಆಶೀರ್ವಾದಗಳು.

ಇನ್ನು ಮುಂದೆ ನಾನು ನಿನಗೆ ಫೋನ್ ಮಾಡಕೂಡದು ಎಂದು ನಿಮ್ಮಮ್ಮ ಹುಕುಂ ಹೊರಡಿಸಿದ್ದಾಳೆ. ಹೋದ ಭಾನುವಾರ ನಮ್ಮ ಮಾತು ನಾಲ್ಕೇ ನಿಮಿಷಕ್ಕೆ ಕೂಗಾಟವಾಗಿ ನೀನು ಫೋನ್ ಇಟ್ಟ ಮೇಲೆ ಎರಡು ದಿನ ಅವಳು ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಕಾಗದ, ಕವರು, ಸ್ಟಾಂಪು ತಂದು ಊಟದ ಟೇಬಲ್ ಮೇಲೆ ಇಟ್ಟಳು. "ಅಪ್ಪ ಮಗಳು ಇಬ್ಬರಿಗೂ ಬಾಯಿ ಜಾಸ್ತಿ. ಹೇಳೋದಿದ್ರೆ ಬರೀರಿ. ಬರೆಯೋಕೆ ಕೂತ್ರೆ ಅರ್ಧ ಕೋಪ ಅಲ್ಲೇ ಇಳಿಯುತ್ತೆ," ಅಂದಳು. ನನಗೇನೂ ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ.

ಪ್ರಶ್ನೆ ಅದೇ. ವಯಸ್ಸು ಮೂವತ್ತೊಂದು. ಓದಿರುವುದು ಪಿಎಚ್‌.ಡಿ. ಕೆಲಸ ಲ್ಯಾಬಿನಲ್ಲಿ. ಐರ್ಲೆಂಡಿನವರ ಚೆಂಡಾಟ ನಿನಗೇಕಮ್ಮ? ಹೋದ ಜುಲೈಯಲ್ಲಿ ಯಾರದೋ ಮೊಣಕೈ ತಲೆಗೆ ಬಡಿದು ಆರು ವಾರ ಕಿಟಕಿ ಪರದೆ ಎಳೆದುಕೊಂಡು ಮಲಗಿದ್ದೆಯಲ್ಲ, ಅಮ್ಮ ಅಲ್ಲಿಗೆ ಬಂದು ಅನ್ನ ಸಾರು ಕಲಸಿಕೊಟ್ಟಳಲ್ಲ, ಅದೆಲ್ಲ ಮರೆತುಹೋಯಿತೆ? ಈ ವರ್ಷವೂ ಆಡುತ್ತೇನೆ ಅನ್ನುತ್ತೀಯ. ನನ್ನ ಆಫೀಸಿನವರು ನಿಮ್ಮ ಮಗಳು ಎಷ್ಟು ಗೋಲು ಹೊಡೆದಿದ್ದಾಳೆ ಎಂದು ಕೇಳಿದರೆ ನಾನೇನು ಹೇಳಲಿ? ಆರು ವರ್ಷದಲ್ಲಿ ಒಂದೂ ಇಲ್ಲ. ಪೆಟ್ಟು ತಿನ್ನುವುದಾದರೂ ಗೋಲು ಹೊಡೆದು ತಿನ್ನಬಾರದೆ?

ಉತ್ತರ ಬರೆ. ಕನ್ನಡದಲ್ಲೇ ಬರೆ.

ನಿನ್ನ ಅಪ್ಪ,
ತ್ಯಾಗರಾಜ


ಜರ್ಮನ್‌ಟೌನ್
19 ಮಾರ್ಚ್ 2023

ಅಪ್ಪನಿಗೆ ನಮಸ್ಕಾರ.

ಕನ್ನಡದಲ್ಲಿ ಬರೆದು ಎಷ್ಟು ವರ್ಷವಾಯಿತೋ. ಹನ್ನೆರಡು ವರ್ಷದವಳನ್ನು ಮೈಸೂರಿನಿಂದ ಅಮೆರಿಕಕ್ಕೆ ಕರೆತಂದವರು ನೀವೇ, ಆದ್ದರಿಂದ ತಪ್ಪಿಗೆಲ್ಲ ನೀವೇ ಹೊಣೆ. ದಯವಿಟ್ಟು ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸಬೇಡಿ.

ಈ ಊರಿಗೆ ನಾನು ಬಂದದ್ದು 2017ರಲ್ಲಿ. ಯಾರ ಪರಿಚಯವೂ ಇರಲಿಲ್ಲ. ಲ್ಯಾಬು, ಹೈವೇ, ಅಪಾರ್ಟ್‌ಮೆಂಟು, ಮತ್ತೆ ಲ್ಯಾಬು. ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವ ಐರ್ಲೆಂಡಿನ ಓರ್ಲಾ ಒಂದು ಶನಿವಾರ, ಸುಮ್ಮನೆ ಬಾ, ಹನ್ನೊಂದು ಜನ ಆಗುತ್ತಿಲ್ಲ ಎಂದು ಎಳೆದುಕೊಂಡು ಹೋದಳು. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕ, ಕೆಳಗೆ ಬಲೆಗೆ ಬಿದ್ದರೆ ಗೋಲು, ಮೂರು ಅಂಕ. ಅಷ್ಟೇ ಅರ್ಥವಾಗಿತ್ತು. ಮೊದಲ ಮ್ಯಾಚಿನಲ್ಲಿ ಒಬ್ಬಳೇ ಹುಡುಗಿ ಮೂರು ಸಲ ನನ್ನನ್ನು ದಾಟಿಕೊಂಡು ಹೋದಳು. ನಾಲ್ಕನೇ ಸಲ ಹೋಗಲಿಲ್ಲ. ಆ ನಾಲ್ಕನೇ ಸಲಕ್ಕಾಗಿಯೇ ನಾನು ಮುಂದಿನ ಶನಿವಾರವೂ ಹೋದೆ.

2020ರಲ್ಲಿ ಒಂದೂ ಮ್ಯಾಚ್ ಇರಲಿಲ್ಲ. ನಾನೂ ಓರ್ಲಾಳೂ ಮಾಸ್ಕ್ ಹಾಕಿಕೊಂಡು ಖಾಲಿ ಪಾರ್ಕಿಂಗ್ ಲಾಟಿನ ಆ ತುದಿ ಈ ತುದಿ ನಿಂತು ಚೆಂಡು ಒದೆಯುತ್ತಿದ್ದೆವು. ಮಾರನೇ ವರ್ಷ ನನ್ನನ್ನು ಗೋಲಿನ ಪಕ್ಕದ ಮೂಲೆ ಕಾಯಲು ಹಾಕಿದರು. ಆಮೇಲೆ ಮೂರನೇ ನಂಬರಿನ ಅಂಗಿ ಕೊಟ್ಟರು. ಗೋಲ್‌ಕೀಪರಿನ ನೇರ ಮುಂದೆ ನಿಲ್ಲುವವಳು ನಾನು. ನನ್ನನ್ನು ದಾಟಿದರೆ ಓರ್ಲಾ ಒಬ್ಬಳೇ. ನೀನು ಮುಂದೆ ನಿಂತರೆ ನನಗೆ ಆಕಳಿಕೆ ಬರುತ್ತದೆ, ಕೆಲಸವೇ ಇರುವುದಿಲ್ಲ ಎಂದು ಅವಳು ಬೈಯುತ್ತಾಳೆ. ಅಪ್ಪ, ನನ್ನ ಜೀವನದಲ್ಲಿ ಯಾರೂ ನನಗೆ ಅಷ್ಟು ಒಳ್ಳೆಯ ಬೈಗುಳ ಬೈದಿಲ್ಲ.

ಗೋಲು ಸೊನ್ನೆ, ನಿಜ. ಆಗದೇ ಹೋದ ಗೋಲುಗಳನ್ನು ಯಾರೂ ಪೇಪರಿನಲ್ಲಿ ಹಾಕುವುದಿಲ್ಲ.

ಹೋದ ವರ್ಷ ತಲೆಗೆ ಪೆಟ್ಟಾಗಿ ನಾನು ಫೈನಲ್ ಆಡಲಿಲ್ಲ. ಒಂದು ಗೋಲಿನಿಂದ ಸೋತೆವು. ಈ ಆಗಸ್ಟಿನಲ್ಲಿ ಮತ್ತೆ ರಾಷ್ಟ್ರೀಯ ಫೈನಲ್ಸ್ ಇದೆ. ಆದ ಮೇಲೆ ಓರ್ಲಾ ಊರಿಗೆ ಹೊರಟುಹೋಗುತ್ತಾಳೆ, ನಾನೂ ನಿಲ್ಲಿಸುತ್ತೇನೆ. ಇದೊಂದು ವರ್ಷ ಸುಮ್ಮನಿರಿ.

ಇನ್ನೊಂದು ವಿಷಯ. ಲ್ಯಾಬಿನಲ್ಲಿ ಒಂದು ಸೇಫ್ಟಿ ಟ್ರೇನಿಂಗ್ ಇದೆ, ಅದರಲ್ಲಿ ನೆನಪಿನ ಟೆಸ್ಟ್ ಕೊಡುತ್ತಾರೆ. ಐದೈದು ಪದಗಳ ಆರು ಪಟ್ಟಿ. ಯಾವುದನ್ನಾದರೂ ಕೇಳಬಹುದು, ಹತ್ತು ನಿಮಿಷ ಬಿಟ್ಟು ಮತ್ತೆ ಹೇಳಬೇಕು. ಚಿಕ್ಕವಳಿದ್ದಾಗ ನನಗೆ ಹತ್ತೊಂಬತ್ತರ ಮಗ್ಗಿ ನಿದ್ದೆಯಲ್ಲೂ ಬರುವ ಹಾಗೆ ಮಾಡಿದ್ದಿರಲ್ಲ. ಹಾಗೆ ಆಗಬೇಕು. ಪಟ್ಟಿಗಳನ್ನು ಇದರ ಜೊತೆ ಇಟ್ಟಿದ್ದೇನೆ.

ನಿಮ್ಮ
ನಮ್ರತಾ


ಜಾನ್ಸ್ ಕ್ರೀಕ್
28 ಮಾರ್ಚ್ 2023

ಚಿ. ನಮ್ರತಾಳಿಗೆ ಆಶೀರ್ವಾದಗಳು.

ಅಬ್ಬಾ, ಇಪ್ಪತ್ತು ವರ್ಷಕ್ಕಾದರೂ ನನ್ನಿಂದ ಒಂದು ಉಪಯೋಗ ಕಂಡಿತಲ್ಲ! ನಿನ್ನ ಪಟ್ಟಿ ಬಂದ ದಿನದಿಂದ ಅದೇ ಕೆಲಸ. ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಟೆಸ್ಟ್ ಮಾಡುವುದು ಬಿಟ್ಟು ಚೀಟಿಯ ಹಿಂದೆ ನಿನ್ನ ಪದಗಳನ್ನು ಬರೆದುಕೊಂಡು ಕೂತಿದ್ದೆ.

ಬರೀ ಪದ ಹಿಡಿದುಕೊಂಡರೆ ಜಾರುತ್ತದೆ. ಕಥೆ ಮಾಡಿಕೊಂಡರೆ ಜಾರುವುದಿಲ್ಲ. ಕಥೆ ಎಷ್ಟು ತಲೆಹರಟೆಯಾಗಿದ್ದರೆ ಅಷ್ಟು ಒಳ್ಳೆಯದು. ಮೊದಲ ಪಟ್ಟಿ: ಕತ್ತರಿ, ಮೋಡ, ಏಣಿ, ಜೇನು, ಚಪ್ಪಲಿ. ಕತ್ತರಿ ಹಿಡಿದ ದರ್ಜಿ, ಮೋಡದ ಅಳತೆ ತೆಗೆಯಲು ಏಣಿ ಹತ್ತಿದ, ಮೇಲೆ ಜೇನುಗೂಡಿಗೆ ತಲೆ ತಾಗಿಸಿದ, ಹುಳು ಅಟ್ಟಿಸಿಕೊಂಡು ಬಂದಾಗ ಚಪ್ಪಲಿ ಬಿಟ್ಟು ಓಡಿದ. ಉಳಿದ ಐದು ಪಟ್ಟಿಗೂ ಐದು ಕಥೆ ಇದರ ಜೊತೆಗಿದೆ. ಐದನೆಯದರಲ್ಲಿ ನಿಮ್ಮಮ್ಮನೂ ಬರುತ್ತಾಳೆ, ಅವಳಿಗೆ ತೋರಿಸಬೇಡ. ಬೆಳಗ್ಗೆ ಹಲ್ಲುಜ್ಜುವಾಗ ಒಂದು ಸಲ, ಕಾರಿನಲ್ಲಿ ಒಂದು ಸಲ, ಮಲಗುವ ಮುಂಚೆ ಒಂದು ಸಲ ಹೇಳಿಕೊ. ಒಂದು ತಿಂಗಳಲ್ಲಿ ತಲೆ ಓಡದಿದ್ದರೂ ಬಾಯಿ ತಾನಾಗಿ ಓಡುತ್ತದೆ.

ಆಟದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ನಾಲ್ಕನೇ ಸಲದ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. "ಥೇಟ್ ನಿಮ್ಮ ಹಾಗೇ," ಅಂದಳು. ಹೊಗಳಿದಳೋ ತೆಗಳಿದಳೋ ಕೇಳಲಿಲ್ಲ.

ನಿನ್ನ ಅಪ್ಪ,
ತ್ಯಾಗರಾಜ


ಜರ್ಮನ್‌ಟೌನ್
30 ಏಪ್ರಿಲ್ 2023

ಅಪ್ಪನಿಗೆ ನಮಸ್ಕಾರ.

ಆರೂ ಬಾಯಿಪಾಠವಾಯಿತು. ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಥ್ಯಾಂಕ್ಸ್ ಅಪ್ಪ, ನಿಜವಾಗಿ.

ಜೂನ್ ಮೂರಕ್ಕೆ ಶಾರ್ಲೆಟ್‌ನಲ್ಲಿ ಟೂರ್ನಮೆಂಟ್ ಇದೆ. ನಿಮಗೆ ನಾಲ್ಕು ಗಂಟೆ ಡ್ರೈವ್. ಆರು ವರ್ಷದಲ್ಲಿ ನೀವು ಒಂದೂ ಮ್ಯಾಚ್ ನೋಡಿಲ್ಲ. ಅಮ್ಮನನ್ನು ಕರೆದುಕೊಂಡು ಬನ್ನಿ. ನೋಡಿದ ಮೇಲೆ ಎಷ್ಟು ಬೇಕಾದರೂ ಬೈಯಿರಿ.

ನಿಮ್ಮ
ನಮ್ರತಾ


ಜಾನ್ಸ್ ಕ್ರೀಕ್
6 ಜೂನ್ 2023

ನಮ್ರತಾ,

ಶಾರ್ಲೆಟ್‌ನಿಂದ ಬರುವಾಗ ನಾಲ್ಕು ಗಂಟೆಯೂ ನಾನು ಬಾಯಿ ಬಿಡಲಿಲ್ಲ. ಅಮ್ಮ, ಬಿಸಿಲು ತಾಗಿರಬೇಕು ಎಂದುಕೊಂಡು ದಾರಿಯುದ್ದಕ್ಕೂ ಮಜ್ಜಿಗೆ ಕುಡಿಸಿದಳು. ಅವಳಿಗೆ ಏನೂ ಗೊತ್ತಿಲ್ಲ. ನನಗೆ ಗೊತ್ತಿರುವುದನ್ನು ನಿನಗೆ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನೀನು ಆಡುವುದನ್ನು ಕಣ್ಣಾರೆ ನೋಡಿದೆ. ಎಲ್ಲರೂ ಚೆಂಡು ನೋಡುತ್ತಿದ್ದರು, ನಾನು ನಿನ್ನೊಬ್ಬಳನ್ನೇ ನೋಡುತ್ತಿದ್ದೆ. ಚೆಂಡು ಅತ್ತ ಇರುವಾಗಲೇ ನೀನು ಇತ್ತ ಬಂದು ನಿಂತಿರುತ್ತಿದ್ದೆ. ನಿಮ್ಮ ಟೀಮಿನ ಫಿಸಿಯೋ ಹುಡುಗಿ ಝಿಕ್ರಾ ತಾನಾಗಿ ಬಂದು ಮಾತಾಡಿಸಿದಳು. "ನಾನೂ ಮೈಸೂರೇ ಅಂಕಲ್, ಉದಯಗಿರಿ. ನಮ್ರತಾ ಇದ್ರೆ ನಮಗೆ ಟೆನ್ಷನ್ನೇ ಇಲ್ಲ," ಅಂದಳು. ನನ್ನ ಎದೆ ಎಷ್ಟು ಉಬ್ಬಿತು ಅಂತೀಯ.

ಅರ್ಧ ಆಟ ಮುಗಿಯುವ ಮುಂಚೆ ಆ ಎತ್ತರದ ಚೆಂಡು ಬಂತು. ಇಬ್ಬರೂ ಹಾರಿದಿರಿ. ಅವಳ ಮಂಡಿ ನಿನ್ನ ಕಪಾಲಕ್ಕೆ ಬಡಿದ ಸದ್ದು ನನಗೆ ಗೆರೆಯಾಚೆ ಕೇಳಿಸಿತು. ನೀನು ಎದ್ದೆ. ಜನ ಚಪ್ಪಾಳೆ ತಟ್ಟಿದರು. ಬಿಡುವಿನಲ್ಲಿ ಝಿಕ್ರಾ ನಿನ್ನನ್ನು ಬೆಂಚಿನಲ್ಲಿ ಕೂರಿಸಿ ಕಾರ್ಡ್ ತೆಗೆದಳು. ನಾನು ಹಿಂದೆಯೇ ನಿಂತಿದ್ದೆ. "ಐದು ವರ್ಡ್ಸ್ ಹೇಳ್ತೀನಿ, ವಾಪಸ್ ಹೇಳು," ಅಂದಳು. ಕತ್ತರಿ, ಮೋಡ, ಏಣಿ, ಜೇನು, ಚಪ್ಪಲಿ. ಇಂಗ್ಲಿಷಿನಲ್ಲಿ ಹೇಳಿದಳು, ಆದರೆ ಮೂರನೆಯದಕ್ಕೇ ನನ್ನ ದರ್ಜಿ ಏಣಿ ಹತ್ತಿದ್ದ.

ನೀನು ಒಂದೂ ತಪ್ಪಿಲ್ಲದೆ ಹೇಳಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಹೇಳಿದೆ. ಮಗಳೇ, ಹೇಳಲು ನಾಚಿಕೆಯಾಗುತ್ತದೆ, ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ಆಮೇಲೆ ಅರ್ಥವಾಯಿತು. ಲ್ಯಾಬೂ ಇಲ್ಲ, ಸೇಫ್ಟಿಯೂ ಇಲ್ಲ. ತಲೆಗೆ ಪೆಟ್ಟಾದವರನ್ನು ಹಿಡಿಯುವ ಟೆಸ್ಟಿಗೆ ನಿನ್ನಪ್ಪನ ಕೈಯಲ್ಲೇ ಉತ್ತರ ಮಾಡಿಸಿಕೊಂಡಿದ್ದೀಯ.

ನಾನು ಬಾಯಿ ತೆರೆದೆ. ಆಗ ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಕಣ್ಣು ಮಿಟುಕಿಸದೆ ನೋಡಿದೆ. ಹೇಳಬೇಡಿ ಅಪ್ಪ ಎಂದು ಕಣ್ಣಲ್ಲೇ ಬೇಡಿಕೊಂಡೆ. ನೀನು ಹುಟ್ಟಿದಾಗಿನಿಂದ ನನ್ನನ್ನು ಹಾಗೆ ಏನನ್ನೂ ಕೇಳಿರಲಿಲ್ಲ. ನಾನು ಬಾಯಿ ಮುಚ್ಚಿದೆ. ನೀನು ಮತ್ತೆ ಮೈದಾನಕ್ಕೆ ಇಳಿದೆ.

ಉತ್ತರ ಮೊದಲೇ ಗೊತ್ತಿದ್ದು ಪಾಸಾಗುವ ಪ್ರೋಗ್ರಾಮನ್ನು ಹಿಡಿದು ಹೊರಗೆ ಹಾಕುವುದು ನನ್ನ ಹೊಟ್ಟೆಪಾಡು. ಶನಿವಾರ ನಾನು ಹಿಡಿಯಲಿಲ್ಲ. ಈಗ ನೀನೇ ಝಿಕ್ರಾಗೆ ಹೇಳು. ಡಾಕ್ಟರ ಹತ್ತಿರ ಹೋಗು.

ಅಪ್ಪ


ಜರ್ಮನ್‌ಟೌನ್
15 ಜೂನ್ 2023

ಅಪ್ಪ,

ಸುಳ್ಳು ಹೇಳಿದೆ. ಕಾರ್ಡುಗಳ ಫೋಟೋವನ್ನು ಝಿಕ್ರಾಳ ಬ್ಯಾಗಿನಿಂದ ತೆಗೆದದ್ದೂ ನಾನೇ. ಅವಳು ನನ್ನ ಫ್ರೆಂಡ್, ನನ್ನನ್ನು ನಂಬಿ ಬ್ಯಾಗ್ ಬಿಟ್ಟು ಹೋಗಿದ್ದಳು. ತಪ್ಪು ನನ್ನದು, ನಿಮ್ಮದಲ್ಲ.

ಆದರೆ ಹೇಳುವುದಿಲ್ಲ. ಒಂದು ವರ್ಷದೊಳಗೆ ಎರಡನೇ ಪೆಟ್ಟಾದರೆ ಆ ಸೀಸನ್ ಮುಗಿದ ಹಾಗೆ ಎಂಬುದು ಅವಳ ನಿಯಮ. ಹೇಳಿದ ದಿನವೇ ಆಗಸ್ಟ್ ಹೋಯಿತು. ಸ್ವಲ್ಪ ತಲೆನೋವಿದೆ, ಅಷ್ಟೇ. ಇನ್ನು ಎಂಟು ವಾರ. ಪ್ರಾಕ್ಟೀಸಿನಲ್ಲಿ ಯಾರಿಗೂ ಮೈ ತಾಗಿಸುವುದಿಲ್ಲ.

ನನ್ನ ಬದಲು ನಿಲ್ಲಬೇಕಾದವಳು ಹತ್ತೊಂಬತ್ತು ವರ್ಷದ ಮಗು, ಎತ್ತರದ ಚೆಂಡು ಬಂದರೆ ಕಣ್ಣು ಮುಚ್ಚುತ್ತಾಳೆ. ಹೋದ ವರ್ಷ ನಾನಿಲ್ಲದೆ ಸೋತರು. ಆ ಗೋಲು ಹೋದಾಗ ಓರ್ಲಾ ನೆಲದ ಮೇಲೆ ಕೂತು ಅತ್ತಳು, ನಾನು ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತು ನೋಡಿದೆ. ಅದನ್ನು ಇನ್ನೊಂದು ಸಲ ನನ್ನ ಕೈಲಿ ಆಗುವುದಿಲ್ಲ.

ಶಾರ್ಲೆಟ್‌ನಲ್ಲಿ ನಾನು ಕಣ್ಣಲ್ಲಿ ಕೇಳಿದ್ದನ್ನು ನೀವು ಕೊಟ್ಟಿರಿ. ಕೊಟ್ಟಿದ್ದನ್ನು ವಾಪಸ್ ಕಿತ್ತುಕೊಳ್ಳಬೇಡಿ ಅಪ್ಪ.

ನಮ್ರತಾ


ಜಾನ್ಸ್ ಕ್ರೀಕ್
24 ಜೂನ್ 2023

ನಮ್ರತಾ,

ಕಿತ್ತುಕೊಳ್ಳಬೇಡಿ ಎಂಬ ಮಾತನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಕೊಟ್ಟವನು ನಾನೇ, ಒಪ್ಪಿದೆ. ಆದರೆ ಮೊನ್ನೆ ಅಮ್ಮನ ಜೊತೆ ಫೋನಿನಲ್ಲಿ ಕಾರಿನ ಟೈರ್ ಬದಲಾಯಿಸಿದ ವಿಷಯವನ್ನು ಮೂರು ಸಲ ಹೇಳಿದೆಯಂತೆ. ಮೂರು ಸಲವೂ ಹೊಸದಾಗಿ ಹೇಳಿದೆಯಂತೆ. "ಪಾಪ, ಕೆಲಸ ಜಾಸ್ತಿ ಇರಬೇಕು ಮಗೂಗೆ," ಎಂದು ಅವಳು ನಕ್ಕಳು.

ಸ್ವಲ್ಪ ತಲೆನೋವು ಅಂತೀಯ. ದಿನಾ ಬೆಳಗ್ಗೆ ಹೈವೇಯಲ್ಲಿ ಡ್ರೈವ್ ಮಾಡುತ್ತೀಯ. ಆಗಸ್ಟಿನಲ್ಲಿ ಮತ್ತೊಂದು ಮಂಡಿ ಬಂದರೆ? ನನಗೆ ಭಯವಾಗುತ್ತಿದೆ ಕಣೇ. ಬೇರೆ ಪದ ಸಿಗುತ್ತಿಲ್ಲ.

ಜುಲೈ ಐದರವರೆಗೆ ಕಾಯುತ್ತೇನೆ. ಅಷ್ಟರೊಳಗೆ ನೀನು ಹೇಳದಿದ್ದರೆ ನಾನು ಹೇಳುತ್ತೇನೆ.

ಅಪ್ಪ


ಜರ್ಮನ್‌ಟೌನ್
30 ಜೂನ್ 2023

ಅಪ್ಪ,

ಹೇಳಿದರೆ ಇದೇ ನನ್ನ ಕೊನೆಯ ಕಾಗದ. ಹೆದರಿಸುತ್ತಿಲ್ಲ, ತಿಳಿಸುತ್ತಿದ್ದೇನೆ. ಅಮ್ಮನಿಗೆ ಏನು ಕಾರಣ ಕೊಡುತ್ತೀರೋ ನೀವೇ ಯೋಚನೆ ಮಾಡಿಕೊಳ್ಳಿ.

ನಮ್ರತಾ


ಜಾನ್ಸ್ ಕ್ರೀಕ್
6 ಜುಲೈ 2023

ಝಿಕ್ರಾಗೆ ತ್ಯಾಗರಾಜ ಅಂಕಲ್ ಮಾಡುವ ನಮಸ್ಕಾರಗಳು.

ಹತ್ತನೇ ಕ್ಲಾಸಿನವರೆಗೆ ಕನ್ನಡ ಓದಿದ್ದೇನೆ ಎಂದು ಆ ದಿನ ಹೇಳಿದ್ದೆಯಮ್ಮ. ಅದಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಕಂಪ್ಲೇಂಟ್ ಆಗುತ್ತದೆ. ಇದು ಕಂಪ್ಲೇಂಟ್ ಅಲ್ಲ, ತಪ್ಪೊಪ್ಪಿಗೆ.

ಶಾರ್ಲೆಟ್‌ನಲ್ಲಿ ನೀನು ಕೇಳಿದ ಐದು ಪದಗಳನ್ನು ನಮ್ರತಾ ಒಂದು ತಿಂಗಳು ಮುಂಚೆಯೇ ಬಾಯಿಪಾಠ ಮಾಡಿದ್ದಳು. ಆ ಐದು ಮಾತ್ರ ಅಲ್ಲ, ನಿನ್ನ ಆರೂ ಕಾರ್ಡು. ಮಾಡಿಸಿದವನು ನಾನು. ಯಾತಕ್ಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಿನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಸುಮ್ಮನೆ ನಿಂತಿದ್ದೆ. ಈಗ ಅವಳು ಹೇಳಿದ್ದನ್ನೇ ಹೇಳುತ್ತಿದ್ದಾಳೆ. ತಲೆನೋವಿದೆ ಎಂದು ಒಪ್ಪಿಕೊಂಡಿದ್ದಾಳೆ. ನೀನು ಏನು ಮಾಡಬೇಕೋ ಮಾಡು.

ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ ಎನ್ನಲಾರೆ. ನಿನ್ನ ನಂಬಿಕೆಗೆ ದ್ರೋಹವಾಗಿದೆ. ಆದರೆ ಅವಳನ್ನು ಡಾಕ್ಟರ ಹತ್ತಿರ ನೀನೇ ಕರೆದುಕೊಂಡು ಹೋಗು ತಾಯಿ. ನಾನು ಬಂದರೆ ಬಾಗಿಲು ತೆಗೆಯುವುದಿಲ್ಲ. ಇದನ್ನು ಪೋಸ್ಟ್ ಮಾಡಿದ ಮೇಲೆ ನನಗೆ ಮಗಳ ಕಾಗದ ಬರುವುದಿಲ್ಲ. ಅದು ಗೊತ್ತಿದ್ದೇ ಕಳಿಸುತ್ತಿದ್ದೇನೆ.

ತ್ಯಾಗರಾಜ


ಡರ್ಹಮ್
14 ಅಕ್ಟೋಬರ್ 2023

ಅಪ್ಪ,

ವಿಳಾಸ ನೋಡಿ ಗಾಬರಿಯಾಗಬೇಡಿ. ಝಿಕ್ರಾಳ ಅಕ್ಕ ಇಲ್ಲಿದ್ದಾಳೆ, ಎರಡು ವಾರ ರಜೆ ಹಾಕಿ ಅವಳ ಮನೆಯಲ್ಲಿದ್ದೇನೆ. ಇಲ್ಲಿನ ಡಾಕ್ಟರಿಗೂ ತೋರಿಸಿದೆವು. ಸ್ಕ್ಯಾನಿನಲ್ಲಿ ಏನೂ ಇಲ್ಲ. ಜುಲೈಯಲ್ಲಿ ಮಾಡಿಸಿದ್ದರಲ್ಲೂ ಏನೂ ಇರಲಿಲ್ಲ. ಹಾಗಾದರೆ ಫೈನಲ್ ಆಡಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಏನೂ ಆಗದೇ ಇರಬಹುದಿತ್ತು, ಆಗಲೂ ಬಹುದಿತ್ತು, ಯಾರಿಗೂ ಗೊತ್ತಿಲ್ಲ ಅಂದರು. ಜುಲೈಯ ಡಾಕ್ಟರೂ ಇದನ್ನೇ ಹೇಳಿದ್ದರು. ಮೂರು ತಿಂಗಳು ಈ "ಏನೂ ಆಗದೇ ಇರಬಹುದಿತ್ತು" ಎಂಬುದನ್ನು ಹಿಡಿದುಕೊಂಡು ನಿಮ್ಮನ್ನು ದ್ವೇಷಿಸಿದೆ. ಹೊಟ್ಟೆ ತುಂಬ ದ್ವೇಷಿಸಿದೆ.

ಫೈನಲ್ ಗೆದ್ದರು, ಅಮ್ಮ ಹೇಳಿರುತ್ತಾಳೆ. ಒಂದೇ ಅಂಕದಿಂದ. ಆ ಹತ್ತೊಂಬತ್ತರ ಮಗು ಕೊನೆಯ ನಿಮಿಷದಲ್ಲಿ ಎತ್ತರದ ಚೆಂಡನ್ನು ಕಣ್ಣು ಬಿಟ್ಟುಕೊಂಡೇ ಹಿಡಿದಳು. ಎಲ್ಲರೂ ಅವಳ ಮೇಲೆ ಬಿದ್ದರು. ನಾನೂ ಓಡಿದೆ. ಓಡುವಾಗ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. ನಾನಿಲ್ಲದಿದ್ದರೆ ಆಗುವುದಿಲ್ಲ ಎಂದುಕೊಂಡು ಆರು ವರ್ಷ ನಿಂತಿದ್ದೆ ನೋಡಿ. ಆ ಭ್ರಮೆ ಅವತ್ತೇ ಇಳಿಯಿತು. ಓರ್ಲಾ ಹೋದ ತಿಂಗಳು ಊರಿಗೆ ಹೊರಟಳು. ಏರ್‌ಪೋರ್ಟಿನಲ್ಲಿ ಅಪ್ಪಿಕೊಂಡು, ನಿಮ್ಮಪ್ಪನಿಗೆ ನನ್ನ ಥ್ಯಾಂಕ್ಸ್ ಹೇಳು ಅಂದಳು. ಅವಳ ಮೇಲೆ ಸಿಟ್ಟು ಬಂದು ಎರಡು ದಿನ ಮಾತು ಬಿಡಬೇಕೆನ್ನಿಸಿತು, ಆದರೆ ವಿಮಾನದ ಹೊತ್ತಾಗಿತ್ತು.

ಝಿಕ್ರಾ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಡಾಕ್ಟರ ಹತ್ತಿರ ಮಾತ್ರ ಪ್ರತಿ ಸಲ ಕರೆದುಕೊಂಡು ಹೋದಳು, ಕಾರಿನಲ್ಲಿ ರೇಡಿಯೋ ಹಾಕಿಕೊಂಡು. ನಿಮ್ಮ ಕಾಗದವನ್ನು ಮೊನ್ನೆ ಇಲ್ಲಿ ನನಗೆ ಓದಲು ಕೊಟ್ಟಳು. ಅದನ್ನು ಓದಿದ ಮೇಲೆ ನಾನು ಇದನ್ನು ಬರೆಯಲೇಬೇಕಾಯಿತು.

ಅಪ್ಪ, ಶಾರ್ಲೆಟ್‌ನಲ್ಲಿ ಬೆಂಚಿನ ಮೇಲಿಂದ ನಾನು ನಿಮ್ಮನ್ನು ನೋಡಿದೆನಲ್ಲ. ಹೇಳಬೇಡಿ ಎಂದು ಬೇಡಿಕೊಂಡೆ ಅಂತ ನೀವು ಬರೆದಿರಿ. ನಾನೂ ಹೌದು ಅಂದೆ, ಆ ಮಾತನ್ನೇ ಹಿಡಿದು ನಿಮ್ಮ ಬಾಯಿ ಕಟ್ಟಲು ನೋಡಿದೆ.

ನಾನು ಏನನ್ನೂ ಕೇಳಲಿಲ್ಲ. ಆ ಹೊತ್ತಿನಲ್ಲಿ ನೀವು ಯಾರು ಅಂತ ನನಗೆ ಗೊತ್ತಾಗಲಿಲ್ಲ. ಪದಗಳೆಲ್ಲ ಬಾಯಿಗೆ ಬಂದವು, ಟೆಸ್ಟಿನಲ್ಲಿ ಕೇಳಿದ ಹಾಗೆ ಹನ್ನೆರಡು ತಿಂಗಳ ಹೆಸರನ್ನು ಹಿಂದಿನಿಂದ ಹೇಳಿದೆ, ಆದರೆ ಝಿಕ್ರಾಳ ಹಿಂದೆ ನಿಂತಿದ್ದ ಮನುಷ್ಯನನ್ನು ನೋಡಿ, ಈ ಅಂಕಲ್‌ನ ಎಲ್ಲೋ ನೋಡಿದೀನಲ್ಲ, ಯಾಕೆ ಅಳೋ ಹಾಗಿದಾರೆ ಅಂತ ಯೋಚಿಸುತ್ತಿದ್ದೆ. ಮತ್ತೆ ಆಟ ಶುರುವಾಗಿ ಅಮ್ಮ ನನ್ನ ಹೆಸರು ಕೂಗಿದ ಮೇಲೆ ಅವಳ ಪಕ್ಕದಲ್ಲಿ ನೋಡಿದೆ. ಆಗ ಗೊತ್ತಾಯಿತು, ಅದು ನೀವು.

ಇದು ಗೊತ್ತಿದ್ದೂ ಆಡುತ್ತೇನೆ ಎಂದು ಬರೆದೆ.

ನಿಮ್ಮ ಮಗಳು,
ನಮ್ರತಾ